ದೊಡ್ಡದೊಂದು ಕುಂಟೆ, ಸಣ್ಣದೊಂದು ಕುಂಟೆ

ಆ ಹೆಂಗಸರು ಕೇಳಿದ್ದು ಎರಡೇ ವಸ್ತು. ಅದನ್ನು ನೆಟ್ಟಗೆ ಬರೆದುಕೊಳ್ಳುವುದಕ್ಕೂ ನನ್ನ ಕೈಲಿ ಆಗಲಿಲ್ಲ.

ಜುಲೈ ತಿಂಗಳು. ಆಂಧ್ರದ ಡಿ. ಹಿರೇಹಾಳ್ ಮಂಡಲದ ಒಂದು ಸಣ್ಣ ಊರಿನ ಸಮುದಾಯ ಭವನದಲ್ಲಿ ಚಾಪೆಯ ಮೇಲೆ ಕೂತಿದ್ದೆವು. ಹೊರಗೆ ಆಗಷ್ಟೇ ಮಳೆ ನಿಂತಿತ್ತು. ನನ್ನೆದುರು ಹನ್ನೆರಡು ಹೆಂಗಸರ ಗುಂಪು. ಬೇರೆ ದಿನ ಗಡಿ ದಾಟಿ ಬಳ್ಳಾರಿ ಕಡೆ ಕೂಲಿಗೆ ಹೋಗುವವರು. ಜೊತೆಗೆ ಊರ ಪಕ್ಕದ ಮೂರು ಎಕರೆ ಖುಷ್ಕಿ ಹೊಲವನ್ನು ಗುತ್ತಿಗೆಗೆ ಹಿಡಿದು ಒಟ್ಟಾಗಿ ಶೇಂಗಾ ಬೆಳೆಯುವವರು. ಮಳೆ ಬಂದಿದ್ದರಿಂದ ಅವರಿಗೆ ಹೊಲಕ್ಕೆ ಹೋಗುವ ಅವಸರ. ಇನ್ನೂ ಎರಡು ಊರು ಮುಗಿಸಿ ರಾಯದುರ್ಗದ ಬಸ್ಸು ಹಿಡಿಯುವ ಅವಸರ ನನಗೆ.

ನನ್ನ ಕೆಲಸ ಏನೆಂದು ಹೇಳಿಬಿಡುತ್ತೇನೆ. ಆ ಭಾಗದ ಗುಡ್ಡಗಳ ಮೇಲೆ ಗಾಳಿಯಂತ್ರ ನಿಲ್ಲಿಸಿರುವ ಒಂದು ಕಂಪನಿ, ತನ್ನ ಲಾಭದ ಒಂದು ಪಾಲನ್ನು ಕಾನೂನಿನ ಪ್ರಕಾರ ಸುತ್ತಲಿನ ಜನರಿಗಾಗಿ ಖರ್ಚು ಮಾಡಬೇಕು. ಕಂಪನಿಯವರು ತಾವೇ ಬರುವುದಿಲ್ಲ, ನಮ್ಮ ಸಂಸ್ಥೆಗೆ ಒಪ್ಪಿಸುತ್ತಾರೆ. ಸಂಸ್ಥೆಯ ಪರವಾಗಿ ಊರೂರು ತಿರುಗಿ "ನಿಮಗೇನು ಬೇಕು" ಎಂದು ಕೇಳಿ ಟ್ಯಾಬಿನಲ್ಲಿ ತುಂಬುವವಳು ನಾನು. ಕೇಳುವುದೇ ಕೆಲಸ. ಅದಕ್ಕೇ ಸಂಬಳ.

"ಏನ್ ಬೇಕಕ್ಕ ನಿಮಗೆ, ಹೇಳಿ" ಎಂದೆ.

ಗುಂಪಿಗೆ ಹಿರಿಯರಾಗಿದ್ದ ಅಕ್ಕ ಸೆರಗು ಸರಿಮಾಡಿಕೊಂಡರು. "ನಮಗ ಕುಂಟಿ ಕೊಡಸ್ರಿ ಮೇಡಂ."

"ಎಷ್ಟು?"

"ಎರಡು. ದೊಡ್ಡದೊಂದು, ಸಣ್ಣದೊಂದು. ಮಳಿ ಬಂದಾಗ ಕುಂಟಿ ಇಲ್ಲಂದ್ರ ಎಲ್ಲಾ ಹೋಗಿಬಿಡ್ತೈತ್ರಿ. ಮಂದೀ ಕಡೆ ಕೇಳಿ ಕೇಳಿ ಸಾಕಾಗೈತಿ."

"ಎಲ್ಲಿ ಬೇಕು?"

ಎಲ್ಲರೂ ನಕ್ಕರು. "ಹೊಲದಾಗ್ರಿ. ಮನ್ಯಾಗ ಇಟ್ಕೊಂಡು ಏನ್ ಮಾಡಾಣ?"

ನಾನೂ ನಕ್ಕೆ. ಈಗ ಆ ನಗು ನೆನಪಾದರೆ ಮುಖ ಬಿಸಿಯಾಗುತ್ತದೆ.

ನಾನು ಮಡಕಶಿರದವಳು. ಕನ್ನಡ ಮನೆಮಾತು, ಓದಿದ್ದು ತೆಲುಗು ಮಾಧ್ಯಮ. ರಾಯದುರ್ಗದ ಕಡೆಯವರ ಬಾಯಲ್ಲಿ ಮನೆ ಮನಿಯಾಗುತ್ತದೆ, ಮಳೆ ಮಳಿಯಾಗುತ್ತದೆ, ಹಾಗೆಯೇ ಕುಂಟೆ ಕುಂಟಿಯಾಗಿದೆ ಎಂದು ತಕ್ಷಣ ಅರ್ಥ ಮಾಡಿಕೊಂಡೆ. ಅವರ ಮಾತು ನನಗೆಷ್ಟು ಚೆನ್ನಾಗಿ ತಿಳಿಯುತ್ತದೆ ಎಂಬ ಜಂಬ ಬೇರೆ. ನಮ್ಮ ಊರ ಹಿಂದೆ ಒಂದು ಕುಂಟೆ ಇದೆ, ಅದರಲ್ಲಿ ಎಮ್ಮೆಗಳು ಮುಳುಗಿ ಕೂರುತ್ತವೆ. ತೆಲುಗಿನಲ್ಲೂ ಕುಂಟ ಎಂದರೆ ನೀರು ನಿಲ್ಲುವ ಜಾಗವೇ. ಮಣ್ಣು ಸಡಿಲಿಸಿ ನೆಲ ಹರಗಲು ಎತ್ತಿನ ಹಿಂದೆ ಕಟ್ಟುವ, ಕಬ್ಬಿಣದ ಅಲಗಿನ ಇನ್ನೊಂದು ಕುಂಟೆ ಇದೆ ಎಂಬುದು ನಮ್ಮ ಕಡೆಯ ರೈತರ ಮಕ್ಕಳಿಗೆಲ್ಲ ಗೊತ್ತು. ನಾನು ದರ್ಜಿಯ ಮಗಳು. ನನಗೆ ಗೊತ್ತಿದ್ದ ಉಪಕರಣಗಳು ಕತ್ತರಿ, ಟೇಪು, ಬಾಬಿನ್.

ಟ್ಯಾಬಿನಲ್ಲಿ ಬೇಡಿಕೆಗಳ ಪಟ್ಟಿ ಮೊದಲೇ ಸಿದ್ಧವಿತ್ತು: ಶಾಲೆ, ಆರೋಗ್ಯ, ಕುಡಿಯುವ ನೀರು, ಜಲ ಸಂರಕ್ಷಣೆ, ಕೌಶಲ ತರಬೇತಿ. ಇವುಗಳಲ್ಲಿ ಒಂದನ್ನು ಒತ್ತದೆ ಮುಂದಿನ ಪುಟ ತೆರೆಯುವುದಿಲ್ಲ. ನಾನು ಜಲ ಸಂರಕ್ಷಣೆ ಒತ್ತಿದೆ. ಕೆಳಗೆ ಬರೆದೆ: ಕೃಷಿ ಹೊಂಡ, ಎರಡು. ಕಾರಣ: ಮಳೆ ನೀರು ವ್ಯರ್ಥವಾಗುತ್ತಿದೆ. ಅವರು "ಎಲ್ಲಾ ಹೋಗಿಬಿಡ್ತೈತಿ" ಎಂದಿದ್ದರಲ್ಲ. ಅವರು ಹೇಳಿದ್ದು ಭೂಮಿಯ ಹದ ಹೋಗುವ ಮಾತು.

ಅನಂತಪುರದ ಕಚೇರಿಯಲ್ಲಿ ಕೂರುವ ನಮ್ಮ ಮೇಲಿನ ಸಾರ್ ಅದನ್ನು ತೆಲುಗಿನಲ್ಲಿ ಓದಿ ಖುಷಿಪಟ್ಟರು. ಅವರಿಂದ ಇಂಗ್ಲಿಷಾಗಿ ಹೈದರಾಬಾದಿನ ಕಂಪನಿ ಮೇಡಂಗೆ ಹೋಯಿತು. ಅವರೂ ಖುಷಿಪಟ್ಟರು, ಏಕೆಂದರೆ ಆ ವರ್ಷ ಕಂಪನಿಗೆ ಬೇಕಾಗಿದ್ದದ್ದೂ ನೀರಿನ ಕೆಲಸವೇ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದರಂತೆ. ಕಟ್ಟಿದವರು ಇಬ್ಬರು. ಈಯಿತು ಎಂದು ಹೇಳಿದವಳು ನಾನೊಬ್ಬಳೇ.

ಆಮೇಲೆ ಆರು ತಿಂಗಳು ಕಾಗದದ ಓಡಾಟ. ಹೊಲದ ಅಡಂಗಲ್, ಎಂದರೆ ಪಹಣಿಯ ಪ್ರತಿ ತೆಗೆಸಿದೆ. ನಾಲ್ಕು ಮೂಲೆಯಲ್ಲಿ ನಿಂತು ಫೋಟೋ ತೆಗೆದೆ. ಮಣ್ಣು ಪರೀಕ್ಷೆಗೆ ಕೊಟ್ಟೆ. ಎಂಜಿನಿಯರು ಬಂದು ಮೂರು ಎಕರೆಯಲ್ಲಿ ಎರಡು ಹೊಂಡ ಹಿಡಿಸುವುದಿಲ್ಲ, ದೊಡ್ಡದೊಂದೇ ಸಾಕು ಎಂದು ಬರೆದರು. ಹಿರಿಯಕ್ಕನಿಗೆ ಫೋನ್ ಮಾಡಿ, "ನಿಮ್ಮ ಕುಂಟೆ ಮಂಜೂರಾಯ್ತಕ್ಕ, ಆದ್ರೆ ಒಂದೇ ಅಂತೆ, ದೊಡ್ಡದು" ಎಂದೆ.

"ಒಂದರ ಬರ್ಲಿ ಬಿಡ್ರಿ ಮೇಡಂ. ಸಣ್ಣದು ಹೆಂಗರ ಮಾಡ್ಕೊಂತೀವಿ" ಎಂದರು. ಎಂಥ ಸಮಾಧಾನದ ಹೆಂಗಸು ಎಂದುಕೊಂಡೆ.

ಹೊಲದ ಯಜಮಾನರ ಒಪ್ಪಿಗೆ ಪತ್ರ ಬೇಕಿತ್ತು. ಅವರು ರಾಯದುರ್ಗದಲ್ಲಿ ಜೀನ್ಸ್ ಹೊಲಿಸುವ ಶೆಡ್ಡು ಇಟ್ಟಿದ್ದವರು. ದರ್ಜಿಯ ಮಗಳು ಎಂದು ತಿಳಿದ ಮೇಲೆ ಇನ್ನಷ್ಟು ಮರ್ಯಾದೆ ಕೊಟ್ಟರು, ಚಹಾ ತರಿಸಿದರು. ನಕಾಶೆಯನ್ನು ಬಹಳ ಹೊತ್ತು ನೋಡಿದರು.

"ಇದಕ್ಕ ನಾನೇನು ಕೊಡಬೇಕಾಗಂಗಿಲ್ಲ?"

"ಏನೂ ಇಲ್ಲ ಸಾರ್. ಎಲ್ಲಾ ಕಂಪನಿಯವ್ರದೇ."

"ಹೊಂಡ ನನ್ನ ಹೊಲದಾಗ ಇರ್ತೈತಿ."

"ಹೌದು ಸಾರ್."

ಅವರು ಸಹಿ ಹಾಕಿದರು. ಆ ಎರಡು ಮಾತುಗಳಲ್ಲೇ ಎಲ್ಲವೂ ಇತ್ತು. ನಾನು ಚಹಾ ಚೆನ್ನಾಗಿದೆ ಎಂದುಕೊಂಡು ಎದ್ದು ಬಂದೆ.

ಫೆಬ್ರುವರಿ ಕೊನೆಯ ಶನಿವಾರ ಎಂಜಿನಿಯರು ಗುರುತು ಹಾಕಲು ಬಂದರು. ಸೋಮವಾರ ಬೆಳಿಗ್ಗೆ ಜೆಸಿಬಿ, ಗುರುವಾರ ಹೈದರಾಬಾದಿನ ಮೇಡಂ ಬಂದು ನೋಡುವುದು ಎಂದು ನಿಗದಿಯಾಗಿತ್ತು. ಹೊಲದ ನಟ್ಟನಡುವೆ ಹಗ್ಗ ಹಿಡಿದು ಸುಣ್ಣದ ಪುಡಿಯಿಂದ ದೊಡ್ಡ ಚೌಕ ಬಿಡಿಸಿದೆವು. ಹಿರಿಯಕ್ಕ ಬದುವಿನ ಮೇಲೆ ನಿಂತು ನೋಡುತ್ತಿದ್ದವರು ಹತ್ತಿರ ಬಂದರು.

"ಇದೇನ್ರಿ ಮೇಡಂ, ಇಲ್ಲಿ ಮನಿ ಕಟ್ಟಸ್ತಾರೇನು?"

"ಇಲ್ಲಕ್ಕ, ನಿಮ್ಮ ಕುಂಟೆ."

"ಕುಂಟಿಗೆ ಸುಣ್ಣ ಯಾಕ ಬೇಕ್ರಿ? ಬಡಿಗ್ಯಾರಿಗೆ ಹೇಳಿದ್ರ ಆತಲ್ಲ."

ಬಡಗಿ ಎಂಬ ಮಾತು ಕಿವಿಗೆ ಬಿದ್ದು, ಒಳಗಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಇಳಿಯಿತು. ಬಡಗಿ ಹೊಂಡ ತೋಡುವುದಿಲ್ಲ.

ಅವರು ಹೇಳುತ್ತಲೇ ಇದ್ದರು. ಗುಂಪಿನ ಒಬ್ಬಾಕೆಯ ಮನೆಯಲ್ಲಿ ಎತ್ತಿನ ಜೋಡಿ ಇದೆ. ಕುಂಟೆ ಮುರಿದು ಎರಡು ವರ್ಷವಾಯಿತು. ಮಳೆ ಬಿದ್ದಾಗ ಊರಲ್ಲಿ ಕುಂಟೆ ಇರುವವರು ತಮ್ಮ ಹೊಲ ಮುಗಿಸಿ ಕೊಡುವಷ್ಟರಲ್ಲಿ ಇವರ ಹೊಲದ ಹದ ಆರಿಹೋಗಿರುತ್ತದೆ.

"ದೊಡ್ಡದೇನರ ಕೇಳಿದ್ರ ಬರಂಗಿಲ್ಲ ಅಂತ ಸಣ್ಣದ ಕೇಳಿದ್ವಿ" ಎಂದರು. ಆಮೇಲೆ ದನಿ ತಗ್ಗಿಸಿ, "ಇನ್ನೊಂದು ಮಾತೈತ್ರಿ. ಯಜಮಾನ್ರು ಈ ಯುಗಾದಿಗೆ ಹೊಲ ಬಿಡ್ರಿ ಅಂತ ಹೇಳಿ ಕಳಿಸ್ಯಾರ. ತಾವ ದಾಳಿಂಬಿ ಹಚ್ಚತಾರಂತ. ಆರು ವರ್ಷ ಕೊಟ್ಟವ್ರು ಈಗ ಯಾಕ ಬ್ಯಾಡಂತಾರ, ತಿಳೀವಲ್ದು."

ನನಗೆ ತಿಳಿಯಿತು. ನೀರಿಲ್ಲದ ಹೊಲ ಬೇರೆ ಯಾರಿಗೂ ಬೇಡವಾಗಿದ್ದರಿಂದ ಈ ಹನ್ನೆರಡು ಜನಕ್ಕೆ ಸಿಕ್ಕಿತ್ತು. ನಾನು ಹೊಂಡ ತೋಡಿಸಿಕೊಟ್ಟು ಅದನ್ನು ದಾಳಿಂಬೆ ತೋಟ ಮಾಡುತ್ತಿದ್ದೆ. ಅವರಿಗೆ ಸಹಾಯ ಮಾಡುವ ಹೆಸರಿನಲ್ಲಿ ಅವರನ್ನು ಹೊಲದಿಂದ ಹೊರಗೆ ಹಾಕುವ ಕಾಗದಕ್ಕೆಲ್ಲ ನಾನೇ ಓಡಾಡಿದ್ದೆ.

ಆಗಲೇ ಹೇಳಿಬಿಡಬೇಕಿತ್ತು. ಹೇಳಲಿಲ್ಲ. "ನೋಡ್ತೀನಕ್ಕ" ಎಂದು ಗೊಣಗಿ ಎಂಜಿನಿಯರ ಬೈಕಿನ ಹಿಂದೆ ಕೂತುಬಿಟ್ಟೆ. ಹೆದರಿಕೆ ಎಂದರೆ ಹೆದರಿಕೆ, ಅದಕ್ಕೆ ಬೇರೆ ಹೆಸರು ಬೇಡ.

ರಾಯದುರ್ಗದಿಂದ ಅನಂತಪುರದ ಸಾರ್‌ಗೆ ಫೋನ್ ಮಾಡಿದೆ. ಅವರು ಮೊದಲು ನಕ್ಕರು. ಆಮೇಲೆ "ನೀಳ್ಳು ಎವರಿಕಿ ವದ್ದಮ್ಮಾ?" ಎಂದರು. ನೀರು ಯಾರಿಗೆ ಬೇಡ? ಹೊಂಡ ತೋಡಿದರೆ ಊರಿನ ಅಂತರ್ಜಲ ಏರುತ್ತದೆ, ಕುರಿ ಕುಡಿಯುತ್ತವೆ, ತಪ್ಪಿನಿಂದಲೂ ಒಳ್ಳೆಯದೇ ಆಗುತ್ತದೆ. ಗುತ್ತಿಗೆ ವಿಷಯ ನಮಗೆ ಸಂಬಂಧಿಸಿದ್ದಲ್ಲ. ಮಾರ್ಚ್ ಒಳಗೆ ಕೆಲಸ ಮುಗಿಯದಿದ್ದರೆ ಮುಂದಿನ ವರ್ಷ ಕಂಪನಿ ಬೇರೆ ಸಂಸ್ಥೆ ನೋಡಿಕೊಳ್ಳುತ್ತದೆ. ಅವರ ಒಂದು ಮಾತನ್ನೂ ಸುಳ್ಳು ಎನ್ನುವಂತಿರಲಿಲ್ಲ. ನನ್ನ ನೌಕರಿಯ ಕರಾರು ಮಾರ್ಚಿಗೇ ಮುಗಿಯುತ್ತದೆ ಎಂಬುದನ್ನು ಅವರು ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ.

ಬಾಡಿಗೆ ಕೋಣೆಯಲ್ಲಿ ಕಾಲು ಸುಟ್ಟ ಬೆಕ್ಕಿನಂತೆ ತಿರುಗಿದೆ. ಅಕ್ಕಿ ತೊಳೆದಿಟ್ಟೆ, ಬೇಯಿಸಲಿಲ್ಲ. ಹಿರಿಯಕ್ಕನ ನಂಬರು ತೆಗೆದೆ, ಒತ್ತಲಿಲ್ಲ. ಭಾನುವಾರ ಮೊದಲ ಬಸ್ಸಿಗೆ ಕಲ್ಯಾಣದುರ್ಗದ ಮೇಲೆ ಮಡಕಶಿರಕ್ಕೆ ಹೊರಟೆ. ಅಲ್ಲಿಗೆ ಹೋಗಿ ಏನು ಮಾಡುವುದೆಂದು ಗೊತ್ತಿರಲಿಲ್ಲ, ಕೂರುವುದಕ್ಕೆ ಆಗುತ್ತಿರಲಿಲ್ಲ ಅಷ್ಟೆ.

ಅಪ್ಪ ಅಂಗಡಿಯಲ್ಲಿ ಶಾಲೆಯ ಯೂನಿಫಾರ್ಮಿನ ಬಟ್ಟೆ ಹರಡಿಕೊಂಡಿದ್ದರು. ನಡೆದದ್ದನ್ನೆಲ್ಲ ಹೇಳಿದೆ. ಅವರು ಕೈಯಲ್ಲಿದ್ದ ಸೀಮೆಸುಣ್ಣ ಕೆಳಗಿಟ್ಟು ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ಪಕ್ಕದ ಪಾತ್ರೆ ಅಂಗಡಿಯವರನ್ನು ಕರೆದು ಅವರಿಗೂ ಹೇಳಿದರು.

"ಆ ಹೆಂಗಸ್ರು ಕುಂಟೆ ಕೇಳವ್ರೆ, ನಮ್ಮ ಹುಡುಗಿ ಕೆರೆ ತೋಡುಸ್ತಾವ್ಳೆ."

ನನಗೆ ಸಿಟ್ಟು ಬಂತು. "ನಗ್ಬೇಡಪ್ಪ. ಅವ್ರ ಹೊಲ ಹೋಗ್ತೈತೆ."

ಅಪ್ಪ ನಗು ನಿಲ್ಲಿಸಿದರು. ಬಟ್ಟೆಯ ಸುಕ್ಕು ತೀಡಿದರು. "ಇನ್ನೂ ಕತ್ರಿ ಹಾಕಿಲ್ಲ ತಾನೆ?"

"ನಾಳೆ ಬೆಳಿಗ್ಗೆ ಜೆಸಿಬಿ."

"ಮತ್ತೆ ಇಲ್ಲಿ ಯಾಕ್ ಕುಂತಿದ್ದೀಯ?"

ಅಷ್ಟೇ ಅವರು ಹೇಳಿದ್ದು. ಆ ದಿನ ಉಳಿದಿದ್ದ ಬಸ್ಸು ಆಗಲೇ ಹೋಗಿತ್ತು. ಸೋಮವಾರ ನಸುಕಿಗೇ ಹೊರಟೆ. ಕಲ್ಯಾಣದುರ್ಗದಲ್ಲಿ ಮುಂದಿನ ಬಸ್ಸು ಬರುವುದಕ್ಕೆ ಮುಕ್ಕಾಲು ಗಂಟೆ ಕಾದೆ. ಅಲ್ಲಿ ನಿಂತೇ ಹೈದರಾಬಾದಿನ ಮೇಡಂಗೆ ನೇರವಾಗಿ ಮೇಲ್ ಬರೆದೆ. ಸಾರನ್ನು ದಾಟಿ ಬರೆಯುವುದು ನಮ್ಮಲ್ಲಿ ಅಪರಾಧವೇ. ಬರೆದದ್ದು ನಾಲ್ಕು ಸಾಲು: ಫಲಾನುಭವಿಗಳು ಕೇಳಿದ್ದು ಹೊಂಡವಲ್ಲ, ಹೊಲ ಹರಗುವ ಉಪಕರಣ. ತಪ್ಪಾಗಿ ಬರೆದುಕೊಂಡವಳು ನಾನು. ಹೊಂಡ ತೋಡಿದರೆ ಅವರು ಹೊಲ ಕಳೆದುಕೊಳ್ಳುತ್ತಾರೆ. ಕೆಲಸ ನಿಲ್ಲಿಸುತ್ತಿದ್ದೇನೆ. ಕಳಿಸಿದೆ. ಇನ್ನೊಮ್ಮೆ ಓದಿ ನೋಡುವ ಧೈರ್ಯ ಬರಲಿಲ್ಲ.

ಹೊಲ ತಲುಪಿದಾಗ ಹನ್ನೊಂದಾಗಿತ್ತು. ಜೆಸಿಬಿ ಚೌಕದ ಒಂದು ಮೂಲೆಯನ್ನು ಆಗಲೇ ಆಳುದ್ದ ಕಿತ್ತಿತ್ತು. ಕೆಂಪು ಮಣ್ಣು ಪಕ್ಕದಲ್ಲಿ ದಿಬ್ಬವಾಗಿತ್ತು. ಯಜಮಾನರು ಒಡೆದ ತೆಂಗಿನಕಾಯಿಯ ಹೋಳು ಹಿಡಿದು ನಿಂತಿದ್ದರು. ಆ ಹೆಂಗಸರೆಲ್ಲ ಕೂಲಿ ಬಿಟ್ಟು ಬದುವಿನ ಮೇಲೆ ಸಾಲಾಗಿ ಕೂತಿದ್ದರು.

ಡ್ರೈವರಿಗೆ ಕೈ ಅಡ್ಡ ಹಿಡಿದೆ. ಅವನು ಇಂಜಿನ್ ನಿಲ್ಲಿಸದೆ, "ನಿಂತ ಟೈಮಿನ ಬಾಡಿಗಿ ಯಾರ ಲೆಕ್ಕಕ್ಕ ಮೇಡಂ?" ಎಂದ.

"ನಂದು. ನಿಲ್ಸಪ್ಪ."

ಇಂಜಿನ್ ನಿಂತ ಮೇಲೆ ಎಲ್ಲರ ಮುಂದೆ ಹೇಳಿದೆ. ಅವರು ಕೇಳಿದ ಕುಂಟೆಯೇ ಬೇರೆ, ನಾನು ಬರೆದುಕೊಂಡ ಕುಂಟೆಯೇ ಬೇರೆ ಎಂದೆ. ಯಾರೂ ನಗಲಿಲ್ಲ. ನಕ್ಕಿದ್ದರೆ ಹಗುರಾಗುತ್ತಿತ್ತು.

ಮೊದಲು ಮಾತಾಡಿದವರು ಯಜಮಾನರು. "ತಪ್ಪಾದ್ರ ಏನಾತಮ್ಮ? ಒಳ್ಳೇ ತಪ್ಪ ಆಗೈತಿ. ಅರ್ಧ ತೋಡಿದ್ದು ಪೂರ್ತಿ ಮಾಡಸ್ರಿ. ಇವ್ರಿಗೆ ಕುಂಟಿ ಬೇಕಾದ್ರ ನಾನು ಕೊಡಸ್ತೀನಿ."

ಒಂದು ಗಳಿಗೆ ನನಗೂ ಆಸೆಯಾಯಿತು. ಹೊಂಡವೂ ಆಗುತ್ತದೆ, ಕುಂಟೆಯೂ ಬರುತ್ತದೆ, ಸಾರೂ ಖುಷಿ, ನನ್ನ ನೌಕರಿಯೂ ಉಳಿಯುತ್ತದೆ. ಹೆಂಗಸರ ಕಡೆ ನೋಡಿದೆ. ಹಿರಿಯಕ್ಕ ಎದ್ದು ನಿಂತರು. ಯಜಮಾನರ ಮುಖ ನೋಡದೆ ಮಣ್ಣಿನ ದಿಬ್ಬ ನೋಡುತ್ತ ಕೇಳಿದರು.

"ಹೊಂಡ ಆದ ಮ್ಯಾಲ ಹೊಲ ನಮಗ ಬಿಡ್ತೀರೇನ್ರಿ, ಯಜಮಾನ್ರ?"

ಯಜಮಾನರು ಕಾಯಿಯ ಹೋಳನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದರು. "ನೋಡಾಣಂತ" ಎಂದರು.

ಆರು ವರ್ಷದಲ್ಲಿ ಆ ಮಾತನ್ನು ಅವರು ಹಿಂದೆಂದೂ ಆಡಿರಲಿಲ್ಲವೆಂದು ಆಮೇಲೆ ತಿಳಿಯಿತು. ಪ್ರತಿ ಯುಗಾದಿಗೂ "ಮಾಡ್ಕೊಳ್ರಿ" ಎನ್ನುತ್ತಿದ್ದರಂತೆ. ಹಿರಿಯಕ್ಕ ನನ್ನ ಕಡೆ ತಿರುಗಿ, "ಬ್ಯಾಡ್ರಿ ಮೇಡಂ, ಗಾಡಿ ಕಳಸ್ರಿ" ಎಂದರು. ನಾನು ಕಳಿಸಿದೆ.

ಮಧ್ಯಾಹ್ನ ಸಾರ್ ಫೋನಿನಲ್ಲಿ ಬೈದದ್ದನ್ನು ಇಲ್ಲಿ ಬರೆಯುವುದಿಲ್ಲ. ಸಂಜೆ ಹೈದರಾಬಾದಿನ ಮೇಡಂ ತಾವೇ ಕರೆ ಮಾಡಿದರು. ಕೂಗಾಡಲಿಲ್ಲ. ಮೊದಲೇ ಹೇಳಿದ್ದು ಒಳ್ಳೆಯದಾಯಿತು ಎಂದರು. ಆ ಹೊಂಡವನ್ನು ಗುಮ್ಮಗಟ್ಟ ಮಂಡಲದ ಇನ್ನೊಂದು ಊರಿಗೆ, ನಿಜವಾಗಿ ಹೊಂಡವನ್ನೇ ಕೇಳಿ ಕಾಯುತ್ತಿದ್ದ ಊರಿಗೆ ಕೊಟ್ಟರು. ಜೆಸಿಬಿ ಮರುದಿನವೇ ಆ ಊರಿಗೆಂದು ಭೈರವಾನಿತಿಪ್ಪದ ಕಡೆ ಹೋಯಿತು. "ಆ ಉಪಕರಣದ ಫೋಟೋ ಕಳಿಸಿ" ಎಂದರು. ಕಳಿಸಿದೆ. ಈ ವರ್ಷದ ಪಟ್ಟಿಯಲ್ಲಿ ಅದಕ್ಕೆ ಹೊಂದುವ ಶೀರ್ಷಿಕೆ ಇಲ್ಲ, ಮುಂದಿನ ವರ್ಷದ ಪ್ರಸ್ತಾವನೆಯಲ್ಲಿ ಸೇರಿಸಿ ಎಂದು ಉತ್ತರ ಬಂತು. ಸಾರ್ ಇನ್ನೊಂದು ಪ್ರಶ್ನೆ ಎತ್ತಿದರು: ಅಷ್ಟು ಸಣ್ಣ ಮರದ ಸಾಮಾನಿಗೆ ಕಂಪನಿಯ ಬೋರ್ಡು ಎಲ್ಲಿ ಹಾಕುವುದು? ತಮಾಷೆಗೆ ಕೇಳಿದ್ದಲ್ಲ.

ಯಜಮಾನರ ಶೆಡ್ಡಿಗೆ ಮತ್ತೆ ಹೋದೆ. ಈ ಸಲ ಚಹಾ ಬರಲಿಲ್ಲ. ಹೊಂಡವಿಲ್ಲದ ಮೇಲೆ ದಾಳಿಂಬೆಯ ಮಾತೂ ಇಲ್ಲ ಎಂದು ಅವರೇ ಹೇಳಿದರು. ಆದರೆ ಹೊಲದ ನಡುವೆ ಗುಂಡಿ ಬಿದ್ದಿದೆ.

"ಹೊಲ ಹೆಂಗಿತ್ತೋ ಹಂಗ ಮಾಡಿಕೊಡ್ರಿ. ಯುಗಾದಿಯೊಳಗ ಆಗಬೇಕು. ಆಮ್ಯಾಲ ಗುತ್ತಿಗಿ ಮಾತು."

ತೋಡಲು ಮಂಜೂರಾತಿ ಇತ್ತು, ಮುಚ್ಚಲು ಇರಲಿಲ್ಲ. ಸಾರನ್ನು ಕೇಳಿದೆ, ಮುಚ್ಚುವ ಕೆಲಸಕ್ಕೆ ಯಾವ ಪುಟದಲ್ಲೂ ಜಾಗವಿಲ್ಲ ಎಂದರು. ನನ್ನ ಕೈಯಿಂದಲೇ ದುಡ್ಡು ಹಾಕಿ ಜೆಸಿಬಿ ಕರೆಸುತ್ತೇನೆ, ಎರಡು ಕುಂಟೆಯನ್ನೂ ಮಾಡಿಸಿಕೊಡುತ್ತೇನೆ ಎಂದು ಹಿರಿಯಕ್ಕನ ಮುಂದೆ ಹೇಳಿದೆ. ಅವರು ಒಪ್ಪಲಿಲ್ಲ.

"ಕಂಪನಿಯವ್ರು ಕೊಟ್ರ ತಗೊಂತಿದ್ವಿ. ನೀವು ಕೊಟ್ರ ಹೆಂಗ ತಗೊಳ್ಳಾದ್ರಿ? ನೀವೂ ನಮ್ಮಂಗ ದುಡ್ಯಾಕಿ. ಮಣ್ಣು ಹೊರಾದು ನಮಗೇನು ಹೊಸದಲ್ಲ."

ಹನ್ನೆರಡು ಜನ ಮೂರು ದಿನ ಕೂಲಿ ಬಿಟ್ಟು ಆ ಗುಂಡಿ ತುಂಬಿದರು. ನಾನು ರಜೆ ಹಾಕಿ ಹೋದೆ. ಬುಟ್ಟಿ ಎತ್ತಿಕೊಡುವುದು, ಇಸಿದುಕೊಳ್ಳುವುದು, ಸುರಿಯುವುದು. ಮೊದಲ ದಿನವೇ ಅಂಗೈಯಲ್ಲಿ ಬೊಬ್ಬೆಗಳೆದ್ದವು. ಅವರು ನನ್ನನ್ನು ಛೇಡಿಸುತ್ತಿದ್ದರು. ಊಟದ ಹೊತ್ತಿಗೆ ರೊಟ್ಟಿ ಕೊಡುವಾಗ ಒಬ್ಬಾಕೆ, "ಇದು ರೊಟ್ಟಿ ರೀ ಮೇಡಂ, ಮತ್ತೇನರ ಬರಕೊಂಡೀರಿ" ಎಂದಳು. ಎಲ್ಲರೂ ನಕ್ಕರು, ನಾನೂ ನಕ್ಕೆ. ತಪ್ಪು ಮಾಡಿದವಳಿಗೆ ರೊಟ್ಟಿ ಕೊಡುತ್ತಿದ್ದರು, ಅದನ್ನು ತಿನ್ನುವುದು ಬೈಗುಳ ತಿನ್ನುವುದಕ್ಕಿಂತ ಕಷ್ಟ.

ಮೂರನೆಯ ದಿನ ಇಳಿಹೊತ್ತಿಗೆ ಗುಂಡಿ ತುಂಬಿತು. ಯಜಮಾನರು ಬೈಕಿನಲ್ಲಿ ಬಂದು ಬದುವಿನ ಮೇಲೇ ನಿಂತು ನೋಡಿದರು. "ಸಮ ಆಗ್ಲಿ. ಈ ವರ್ಷ ಮಾಡ್ಕೊಳ್ರಿ" ಎಂದು ಹೋದರು. ಒಂದು ವರ್ಷಕ್ಕೆ ಹೊಲ ಉಳಿಯಿತು. ನನಗೆ ಕೂತು ಅತ್ತುಬಿಡೋಣ ಎನ್ನಿಸಿತು, ಆದರೆ ಉಳಿದವರಾರಿಗೂ ಹಾಗನ್ನಿಸಿದಂತೆ ಕಾಣಲಿಲ್ಲ. ಅವರು ಬುಟ್ಟಿ ಕೊಡವುತ್ತಿದ್ದರು.

ಹಿರಿಯಕ್ಕ ತುಂಬಿದ ಮಣ್ಣಿನ ಮೇಲೆ ನಡೆದು ನೋಡಿದರು. ಕಾಲು ಕಣಕಾಲಿನ ತನಕ ಹುಗಿಯಿತು. ಹೆಂಟೆಗಳು ಹಾಗೇ ಇದ್ದವು.

"ಇದರ ಮ್ಯಾಲ ಎರಡು ಸುತ್ತು ಕುಂಟಿ ಹೊಡೀಬೇಕು" ಎಂದರು.

ಎತ್ತಿನ ಮನೆಯಾಕೆ ಸೆರಗಿನಿಂದ ಮುಖ ಒರೆಸಿಕೊಂಡು, ಊರ ಮುಂದಿನ ಮನೆಯವರ ಹತ್ತಿರ ಇದೆ, ಕೇಳಿದರೆ ನಾಳೆಯೋ ನಾಡಿದ್ದೋ ಕೊಟ್ಟಾರು ಎಂದಳು. ಇಬ್ಬರೂ ಊರ ಕಡೆ ಹೊರಟರು. ನಾನೂ ಚಪ್ಪಲಿ ಮೆಟ್ಟಿಕೊಂಡು ಹಿಂದೆಯೇ ಹೆಜ್ಜೆ ಹಾಕಿದೆ. ಕೇಳುವ ಕೆಲಸವಾದರೂ ನನ್ನಿಂದಾಗಲಿ ಎಂದುಕೊಂಡೆ.

ಹಿರಿಯಕ್ಕ ನಿಂತು ತಿರುಗಿದರು. ಮುಖದಲ್ಲಿ ಸಿಟ್ಟಿರಲಿಲ್ಲ.

"ನೀವು ಬರಬ್ಯಾಡ್ರಿ ಮೇಡಂ. ನೀವು ಬಂದ್ರ ಅವ್ರು ಮತ್ತೇನರ ತಿಳ್ಕೊಂತಾರ."

ನಾನು ಹೋಗಲಿಲ್ಲ.